ಕಾಲು ಸುತ್ತು

ಬೆಳಿಗ್ಗೆ ಅಡುಗೆಮನೆಗೆ ಬಂದಾಗ ಮೇಜಿನ ಮೇಲಿನ ಒರೆಸುವ ಕಾಗದದಲ್ಲಿ ಒದ್ದೆಯ ಉಂಗುರ ಮತ್ತೆ ಮೂಡಿತ್ತು. ಮಲಗುವ ಮುಂಚೆ ಅರ್ವೊ ತಾನೇ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಹೆಂಡತಿಯ ವೇಪನ್ನು, ಸಿಗರೇಟಿನ ಬದಲು ರಸ ಕಾಯಿಸಿ ಹಬೆ ಸೇದುವ ಆ ಯಂತ್ರವನ್ನು, ನೆಟ್ಟಗೆ ನಿಲ್ಲಿಸಿ, ತಳದ ಗಾಳಿಕಿಂಡಿಗಳನ್ನು ಎರಡು ಸಲ ನೋಡಿ ದೀಪ ಆರಿಸಿದ್ದ. ಈಗ ಇಡೀ ಅಡುಗೆಮನೆ ಬ್ಲೂಬೆರಿ ಜಾಮಿನ ಹಾಗೆ ಸಿಹಿಯಾಗಿ ನಾರುತ್ತಿತ್ತು. ಅವನು ಕಾಗದವನ್ನು ಮುಟ್ಟಲಿಲ್ಲ, ಎತ್ತಿ ಎಸೆಯಲೂ ಇಲ್ಲ, ಕಿಟಕಿಯ ಆಚೆ ಸರೋವರದ ಮಂಜುಗಡ್ಡೆ ಬೂದಿಬಣ್ಣಕ್ಕೆ ತಿರುಗಿರುವುದನ್ನು ನೋಡುತ್ತ ನಿಂತ. ಮೂವತ್ತನಾಲ್ಕು ವರ್ಷ ಅವನು ಕಾಗದದ ಕಾರ್ಖಾನೆಯಲ್ಲಿ ಕೊಳವೆ ಜೋಡಿಸಿದವನು. ಆಳುದ್ದದ ಹಬೆಯ ಕೊಳವೆಗಳು, ಕೈಯಿಟ್ಟರೆ ಚರ್ಮ ಸುಲಿಯುವಷ್ಟು ಕಾದ ಕ್ಷಾರದ ಕೊಳವೆಗಳು ಅವನ ಮಾತು ಕೇಳುತ್ತಿದ್ದವು. ಇನ್ನೊಬ್ಬರು ಕೈಬಿಟ್ಟ ಸೋರಿಕೆಗೆ ಅವನನ್ನು ಕರೆಯುತ್ತಿದ್ದರು. ಈಗ ಹೆಬ್ಬೆರಳಿನ ಗಾತ್ರದ ಒಂದು ಗಾಜಿನ ಟ್ಯಾಂಕು, ಒಂದು ಚಮಚವೂ ಹಿಡಿಯದ ಟ್ಯಾಂಕು, ಆರು ತಿಂಗಳಿಂದ ಅವನ ಮುಖಕ್ಕೆ ಮಂಗಳಾರತಿ ಮಾಡುತ್ತಿತ್ತು. ಅವನು ಕಾಫಿಗೆ ನೀರಿಟ್ಟ.

"ಸೋರಿದ್ಯಾ?" ಲ್ಯೂಬಾ ಬಾಗಿಲಲ್ಲಿ ನಿಂತು ಕೇಳಿದಳು.

"ಸ್ವಲ್ಪ."

"ನಿನ್ನ ಸ್ವಲ್ಪಾನೋ, ನನ್ನ ಸ್ವಲ್ಪಾನೋ?"

ಅವಳು ಬಂದು ಕಾಗದವನ್ನು ನೋಡಿ, ಕುರ್ಚಿ ಎಳೆದುಕೊಂಡು ಕೂತು, ಊದಿದ ಬೆರಳುಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. ಮಾತಾಡುವ ಮುಂಚೆ ಉಸಿರು ಒಟ್ಟುಮಾಡಿಕೊಳ್ಳುವುದು ಅವಳಿಗೆ ಈಗ ಅಭ್ಯಾಸವಾಗಿತ್ತು.

"ನೋಡು ಅರ್ವೊ, ನಾನು ಜಗಳ ಆಡ್ತಾ ಇಲ್ಲ. ನಾಲ್ಕು ಗಂಟೆಗೆ ಚರ್ಚಲ್ಲಿ ಹಾಡಿನ ಅಭ್ಯಾಸ ಇದೆ. ಅಷ್ಟರಲ್ಲಿ ಇದು ಸರಿಹೋದ್ರೆ ಸರಿ. ಇಲ್ಲಾಂದ್ರೆ ದಾರೀಲಿ ಪೆಟ್ರೋಲ್ ಬಂಕ್ ಹತ್ರ ಕಾರ್ ನಿಲ್ಸಿ ಒಂದು ಪ್ಯಾಕ್ ಸಿಗರೇಟ್ ತಗೋತೀನಿ. ಹದಿನಾಲ್ಕು ತಿಂಗಳಾಯ್ತು. ಸಾಕು ನಂಗೆ."

"ಡಾಕ್ಟ್ರು ಹೇಳಿದ್ದು..."

"ಹೇಳಿದ್ದು ನನ್ನ ಕಿವಿಗೆ. ನಿಂಗಿಂತ ಚೆನ್ನಾಗಿ ನೆನಪಿದೆ."

ಇಬ್ಬರಿಗೂ ನೆನಪಿತ್ತು. ಒಂದು ಕೊಳವೆ ಕೊಟ್ಟು ಊದಮ್ಮ, ಊದು, ಇನ್ನೂ ಊದು ಎಂದು ಆ ಹುಡುಗ ಡಾಕ್ಟರು ಹುರಿದುಂಬಿಸುತ್ತಿದ್ದ. ಪರದೆಯ ಮೇಲಿನ ಗೆರೆ ಸ್ವಲ್ಪ ಏರಿ, ಮುಂದೆ ಹೋಗುವ ಮನಸ್ಸಿಲ್ಲದಂತೆ ಅಡ್ಡ ಬಿದ್ದಿತ್ತು. ಹೀಗೇ ಸೇದುತ್ತಿದ್ದರೆ ಎರಡು ಚಳಿಗಾಲದೊಳಗೆ ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ಓಡಾಡಬೇಕಾಗುತ್ತದೆ, ಹಾಡುವುದನ್ನಂತೂ ಮರೆತುಬಿಡಿ ಎಂದಿದ್ದ. ಸಿಲಿಂಡರಿಗೆ ಹೆದರದ ಲ್ಯೂಬಾ ಹಾಡಿನ ಮಾತಿಗೆ ಹೆದರಿದಳು. ಅವತ್ತು ಕಾರಿನಲ್ಲಿ ಕೂತ ಮೇಲೆ ಅರ್ವೊ, ಸರಿ, ನಾನೂ ಬಿಟ್ಟೆ ಎಂದ. ಬಿಟ್ಟೂ ಬಿಟ್ಟ. ದಿನಕ್ಕೆ ಇಪ್ಪತ್ತು ಸೇದುತ್ತಿದ್ದವನು ಒಂದಕ್ಕೆ ಬಂದ. ಆ ಒಂದನ್ನು ಅವನು ಸೇದುವುದು ಎಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಿತ್ತಲಲ್ಲಿ ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಒಲೆಗೆ ಬರ್ಚ್ ಕಟ್ಟಿಗೆ ತುಂಬಿ, ಹೊಗೆ ಏಳುವವರೆಗೆ ಕಾದು, ಸೌದೆ ಪೆಟ್ಟಿಗೆಯ ಹಿಂದಿನಿಂದ ಪ್ಯಾಕು ತೆಗೆದು, ಹೊಗೆಯೊಳಗೆ ಹೊಗೆ ಬೆರೆಸಿ ಬಿಡುತ್ತಿದ್ದ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ. ಈಗ ಹೆಂಡತಿ ಪ್ಯಾಕು ಕೊಳ್ಳುತ್ತೇನೆ ಎಂದಾಗ, ಮನೆಯಲ್ಲೇ ಇದೆಯಲ್ಲ ಎಂಬ ಯೋಚನೆ ಎಷ್ಟು ಸಲೀಸಾಗಿ ಬಂದುಹೋಯಿತೆಂದರೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವನು ಏಲಕ್ಕಿ ಬ್ರೆಡ್ಡಿನ ಎರಡು ತುಂಡು ಕತ್ತರಿಸಿ ಅವಳ ಮುಂದೆ ಇಟ್ಟ.

"ಬಿಚ್ಚಿ ನೋಡ್ತೀನಿ," ಎಂದ.

"ನಿನ್ನೇನೂ ಬಿಚ್ಚಿ ನೋಡಿದ್ದೆ."

"ಇವತ್ತು ಸರಿಯಾಗಿ ನೋಡ್ತೀನಿ."

ಅವನು ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಚಿಮುಟ, ಚಿಕ್ಕ ಕತ್ತರಿ, ಹತ್ತಿಯ ಪಟ್ಟಿ, ಗುಂಡುಸೂಜಿಯಷ್ಟು ಸಣ್ಣ ತಿರುಪುಳಿ, ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡ. ಟ್ಯಾಂಕನ್ನು ಬಿಚ್ಚಿ ಉಳಿದ ನಿಕೋಟಿನ್ ರಸವನ್ನು ಬಸಿದ. ಗಾಜು, ಗಂಟೆಯಾಕಾರದ ಒಳಮುಚ್ಚಳ, ಮೇಲಿನ ಮುಚ್ಚಳ, ನಾಲ್ಕು ರಬ್ಬರ್ ಉಂಗುರಗಳನ್ನು ಬಿಸಿನೀರಿನ ಬಟ್ಟಲಿಗೆ ಹಾಕಿದ. ಕಪ್ಪಾದ ಹತ್ತಿಯನ್ನು ಚಿಮುಟದಲ್ಲಿ ಎಳೆದು ತೆಗೆದು, ಬರಿದಾದ ತಂತಿಸುರುಳಿಗೆ ಒಂದೆರಡು ಕ್ಷಣ ವಿದ್ಯುತ್ ಬಿಟ್ಟ. ಸುರುಳಿ ನಡುವಿನಿಂದ ಅಂಚಿಗೆ ಕೆಂಪಾಗುತ್ತ ಹೋಯಿತು. ಅಂಟಿದ ಕರಿ ಸುಟ್ಟು ಸಣ್ಣ ಹೊಗೆ ಎದ್ದಿತು. ಇದೊಂದು ಅವನಿಗೆ ಇಷ್ಟದ ಗಳಿಗೆ. ಇದರೊಳಗೆ ಕಾರ್ಖಾನೆಯ ಬಾಯ್ಲರಿನ ಕಣ್ಣುಕಿಂಡಿ ಕಾಣುತ್ತಿತ್ತು, ಅದರೊಳಗೆ ಇಪ್ಪತ್ತನಾಲ್ಕರ ಲ್ಯೂಬಾ ಕಾರ್ಖಾನೆಯ ಕ್ಯಾಂಟೀನಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಕತ್ತಲಾಗುವ ಹೊತ್ತಿಗೆ ಸೇದುತ್ತಿದ್ದ ಸಿಗರೇಟಿನ ತುದಿ ಕಾಣುತ್ತಿತ್ತು. ಬೆಂಕಿ ಇದೆಯಾ ಎಂದು ಕೇಳಿದ್ದು ಅವನೇ. ಅವನ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಇದ್ದೂ ಕೇಳಿದ್ದ. ಅವಳು ಉಕ್ರೇನಿನವರ ಮನೆಯ ಹುಡುಗಿ, ಬಾಯಿ ಜೋರು. ನೀವು ಫಿನ್ನರು ಬೆಂಕಿ ಕೇಳೋಕೂ ಇಷ್ಟು ವರ್ಷ ತಗೋತೀರಲ್ಲ ಎಂದಿದ್ದಳು. ತಂತಿ ತಣ್ಣಗಾಗಲಿ ಎಂದು ಅವನು ಅದನ್ನು ಪಕ್ಕಕ್ಕಿಟ್ಟ.

ಅಂಗಡಿಯಲ್ಲಿ ಸಿಗುವ ಸಿದ್ಧ ವೇಪುಗಳನ್ನು ಅವಳು ಮೊದಲೇ ಪ್ರಯತ್ನಿಸಿ ಎಸೆದಿದ್ದಳು. ಗಂಟಲಿಗೆ ಏನೂ ತಾಗುವುದಿಲ್ಲ, ಹಬೆ ನುಂಗಿದ ಹಾಗಿದೆ ಎನ್ನುತ್ತಿದ್ದಳು. ಅರ್ವೊ ಕೈಯಾರೆ ತಂತಿ ಸುತ್ತಿ ಹತ್ತಿ ತುಂಬಿದ ಈ ಒಂದು ಮಾತ್ರ ಅವಳಿಗೆ ಹಿಡಿಸಿತ್ತು. ಮೊದಲ ತಿಂಗಳುಗಳಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಅವನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಮನೆಮದ್ದು ಎಂದು ನಗುತ್ತಿದ್ದ. ಆಮೇಲೆ ಹೋದ ಶರತ್ಕಾಲದಲ್ಲಿ, ಲ್ಯೂಬಾಳ ಬೆರಳಿನ ಗಂಟುಗಳು ಊದಲು ಶುರುವಾದ ಹೊತ್ತಿಗೆ, ಇದೂ ಶುರುವಾಯಿತು. ಮೊದಲು ಅವಳ ಚೀಲದಲ್ಲಿ, ಆಮೇಲೆ ಕಾರಿನ ಸೀಟಿನಲ್ಲಿ, ಕೊನೆಗೆ ಅವಳ ಸೋದರತ್ತೆಯ ಮಗನ ಶವಸಂಸ್ಕಾರದಲ್ಲಿ. ಎಲ್ಲರೂ ಎದ್ದು ನಿಂತು ಹಾಡುವಾಗ ಜೇಬಿನ ವೇಪು ಸೋರಿ ಅವಳ ಬೂದುಬಣ್ಣದ ಲಂಗದ ಮೇಲೆ ಕಲೆ ಹರಡುತ್ತಿತ್ತು. ಹಿಂದಿನ ಸಾಲಿನ ಮುದುಕಿಯೊಬ್ಬಳು ಕನಿಕರದಿಂದ ಬಗ್ಗಿ, ಪರವಾಗಿಲ್ಲಮ್ಮ, ನಂಗೂ ಹಾಗೇ ಆಗುತ್ತೆ ಎಂದು ಪಿಸುಗುಟ್ಟಿದ್ದಳು. ಲ್ಯೂಬಾ ಮನೆಗೆ ಬಂದು ಅದನ್ನು ಹೇಳಿ ಬಿದ್ದೂಬಿದ್ದೂ ನಕ್ಕು, ನಗು ಕೆಮ್ಮಾಗಿ, ಕೆಮ್ಮು ಅಳುವಾಗಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಅವನು ಬಾಗಿಲ ಹೊರಗೆ ನಿಂತಿದ್ದ. ತಟ್ಟಲೆಂದು ಕೈ ಎತ್ತಿದವನು ತಟ್ಟದೆ ಬಂದಿದ್ದ. ಯಾಕೆ ತಟ್ಟಲಿಲ್ಲ ಎಂದು ಈಗಲೂ ಅವನಿಗೆ ತಿಳಿಯದು.

ಅವನು ಹತ್ತಿಯ ಪಟ್ಟಿಯನ್ನು ಬೆರಳಲ್ಲಿ ಹೊಸೆದು ತುದಿ ಚೂಪು ಮಾಡಿ ಸುರುಳಿಯೊಳಗೆ ತೂರಿಸಿದ. ಎಳೆದಾಗ ತಂತಿ ಸ್ವಲ್ಪ ಬಾಗಿ ನಿಲ್ಲಬೇಕು, ಅಷ್ಟು ಬಿಗಿ ಸಾಕು. ಎರಡು ಕಡೆ ಉಳಿದ ಬಾಲಗಳನ್ನು ಕತ್ತರಿಸಿ, ಸೂಜಿಯಿಂದ ಬಾಚಿ ಸಡಿಲಿಸಿ, ರಸ ಇಳಿಯುವ ಕಾಲುವೆಗಳಲ್ಲಿ ಮೆತ್ತಗೆ ಕೂರಿಸಿದ. ಹತ್ತಿ ಹೆಚ್ಚಾದರೆ ರಸ ಏರದೆ ಗಂಟಲು ಸುಡುತ್ತದೆ, ಕಡಿಮೆಯಾದರೆ ಸೋರುತ್ತದೆ. ಇದನ್ನು ಅವನಿಗೆ ಕಲಿಸಿದ್ದು ಪೇಟೆಯ ವೇಪ್ ಅಂಗಡಿಯ ಟ್ಯಾನಿಸ್. ಮೂವತ್ತರ ಆಸುಪಾಸಿನ ಹೆಂಗಸು, ಕತ್ತಿನ ಮೇಲೆ ಹಚ್ಚೆಯ ಮೀನು. ಕಳೆದ ವಾರ ಅವಳ ಮುಂದೆ ಇದನ್ನು ಇಟ್ಟು ನಿಂತಾಗ ಅವನಿಗೆ ಶಾಲೆಯ ನೆನಪಾಗಿತ್ತು.

"ಯಜಮಾನ್ರೇ, ನೀವು ಕಾರ್ಖಾನೇಲಿ ಪೈಪ್ ಕೆಲ್ಸ ಮಾಡ್ತಿದ್ರಂತೆ?" ಅಂದಿದ್ದಳು, ಉಂಗುರಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತ.

"ಮೂವತ್ತನಾಲ್ಕು ವರ್ಷ."

"ಹಾಗಾದ್ರೆ ನಿಮ್ಗೆ ನಾನೇನ್ ಹೇಳೋದು? ಕೆಳಗೆ ಸೋರಿದ್ರೆ ಮೇಲೆ ನೋಡ್ಬೇಕು. ಮೇಲಿಂದ ಗಾಳಿ ನುಗ್ಗಿದ್ರೇನೇ ರಸ ಕೆಳಗೆ ಇಳಿಯೋದು. ಮೇಲೆ ಗಟ್ಟಿಯಾಗಿ ಮುಚ್ಚಿದ್ರೆ ಅದು ಅಲ್ಲೇ ತೂಗಾಡ್ಕೊಂಡು ಇರುತ್ತೆ."

"ಮೇಲಿನ ಉಂಗುರಾನೂ ಹೊಸದು ಹಾಕಿದೀನಿ."

ಅವಳು ಹತ್ತಿ ಹಾಕಿ, ರಸ ತುಂಬಿ, ಮುಚ್ಚಿ, ಗಾಜಿನ ಕಪಾಟಿನ ಮೇಲೆ ಇಟ್ಟಳು. ಅರ್ಧ ಗಂಟೆ ಇಬ್ಬರೂ ಕಾದರು. ಒಂದು ಹನಿ ಇಲ್ಲ. ಅಂಗಡಿಗೆ ಬಂದ ಒಬ್ಬ ಲಾರಿ ಚಾಲಕ, ತಾತಾ, ವೇಪ್‌ಗೆ ಕಾವು ಕೊಡ್ತಿದೀರಾ, ಮರಿ ಯಾವಾಗ ಬರುತ್ತೆ ಎಂದು ಕೇಳಿ ಹೋದ. ಮನೆಗೆ ತಂದು, ರಸ ಮುಗಿದ ಮೇಲೆ ತಾನೇ ತುಂಬಿಸಿ ಇಟ್ಟ. ಬೆಳಿಗ್ಗೆ ಕಾಗದದಲ್ಲಿ ಒದ್ದೆಯ ಉಂಗುರ ಮೂಡಿತ್ತು. ಅಂದರೆ ತಪ್ಪು ವಸ್ತುವಿನಲ್ಲಿ ಇಲ್ಲ. ತನ್ನ ಕೈಯಲ್ಲಿದೆ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಅವನು ಇರುಳಲ್ಲಿ ಹಾಸಿಗೆಯಲ್ಲಿ ಕೈಗಳನ್ನು ಹೊದಿಕೆಯ ಹೊರಗೆ ಇಟ್ಟುಕೊಂಡು ನೋಡುತ್ತಿದ್ದ. ನಡುಕ ಇರಲಿಲ್ಲ.

ಮಧ್ಯಾಹ್ನ ಒಂದರ ಹೊತ್ತಿಗೆ ಲ್ಯೂಬಾ ಬೆರಳಿನ ಗಂಟುನೋವಿಗೆಂದು ಇಟ್ಟ ಮೇಣದ ಪಾತ್ರೆಗೆ ವಿದ್ಯುತ್ ಹಾಕಿದಳು. ಕರಗಿದ ಬಿಸಿ ಮೇಣದಲ್ಲಿ ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಅದ್ದಿ ತೆಗೆದು, ಅದ್ದಿ ತೆಗೆದು, ಬಿಳಿಯ ದಪ್ಪ ಗವಸು ತೊಟ್ಟವಳಂತೆ ಅವನ ಎದುರಿಗೆ ಬಂದು ಕೂತಳು. ಹೀಗೆ ಇಪ್ಪತ್ತು ನಿಮಿಷ ಕೂರಬೇಕು, ಏನನ್ನೂ ಮುಟ್ಟುವ ಹಾಗಿಲ್ಲ. ಸಾಮಾನ್ಯವಾಗಿ ಆಗ ಅವಳು ಟಿ.ವಿ. ಮುಂದೆ ಕೂರುತ್ತಿದ್ದಳು, ಅವನು ನೆಲಮಾಳಿಗೆಯಲ್ಲಿ ಈ ಕೆಲಸ ಮಾಡುತ್ತಿದ್ದ. ಇವತ್ತು ಬೆಳಕು ಅಡುಗೆಮನೆಯಲ್ಲೇ ಇತ್ತು. ಹಿಮ ಕರಗಿ ಸೂರಿನಿಂದ ಹನಿಯುವುದು ಕೇಳಿಸುತ್ತಿತ್ತು. ಮೇಣದ ವಾಸನೆಗೋ, ಬಿಸಿಲಿಗೋ ಅವನಿಗೆ ಜೊಂಪು ಹತ್ತಿದಂತಾಗಿ, ಈ ಮೇಜು, ಈ ಟವೆಲ್, ಮೇಣದ ಕೈಗಳ ಈ ಹೆಂಗಸು, ಎಲ್ಲವೂ ನೀರಿನ ಆಚೆಗೆ ಇರುವಂತೆ ಕಂಡವು. ಚಿಕ್ಕವಳಾಗಿದ್ದಾಗ ಅವಳು ಈಸ್ಟರಿಗೆ ಮೊಟ್ಟೆಯ ಮೇಲೆ ಮೇಣದಿಂದ ಗೆರೆ ಬರೆಯುತ್ತಿದ್ದಳಂತೆ. ಆ ಮೊಟ್ಟೆಯೊಳಗೆ ಈಗ ಅವಳ ಕೈಗಳೇ ಹೋಗಿ ಕೂತಿವೆ ಎನ್ನಿಸಿತು. ಅವನು ರಸ ತುಂಬಿದ. ಗಾಳಿಕಿಂಡಿ ಮುಚ್ಚಿದ. ಮೇಲಿನ ಮುಚ್ಚಳ ಹಾಕಿ ತಿರುಗಿಸಿದ.

"ಅಗೋ," ಎಂದಳು ಲ್ಯೂಬಾ.

"ಏನು?"

"ಮತ್ತೆ ಮಾಡ್ದೆ."

"ಏನ್ ಮಾಡ್ದೆ?"

"ಬಿಗಿ ಮಾಡಿ, ಹಿಂದಕ್ಕೆ ತಿರುಗಿಸ್ದೆ."

"ಇಲ್ಲಪ್ಪ."

"ನನ್ನ ಕಣ್ಣೆದುರೇ ಮಾಡಿ ಇಲ್ಲ ಅಂತೀಯಲ್ಲ! ಇನ್ನೊಂದ್ಸಲ ಮಾಡು ನೋಡೋಣ."

ಅವನು ಮುಚ್ಚಳ ತೆಗೆದು, ಈ ಸಲ ತನ್ನ ಬೆರಳುಗಳ ಮೇಲೆ ಕಣ್ಣಿಟ್ಟು, ಮತ್ತೆ ತಿರುಗಿಸಿದ. ಮುಚ್ಚಳ ಬಂದು ರಬ್ಬರಿಗೆ ಒತ್ತಿ ನಿಂತಿತು. ಅಷ್ಟರಲ್ಲಿ, ಅವನು ನೋಡುತ್ತಿದ್ದಂತೆಯೇ, ಅವನದೇ ಹೆಬ್ಬೆರಳು ತೋರುಬೆರಳು ಯಾರೋ ಹೇಳಿಕೊಟ್ಟಂತೆ ಮುಚ್ಚಳವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಟ್ಟವು.

ಯಾರೋ ಹೇಳಿಕೊಟ್ಟದ್ದೇ. ಕಾರ್ಖಾನೆಗೆ ಸೇರಿದ ಮೊದಲ ವಾರ ಹಳೆಯ ಮೇಸ್ತ್ರಿ ಅವನ ಕೈಯನ್ನು ವಾಲ್ವಿನ ಚಕ್ರದ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಕಲಿಸಿದ್ದ. ಪೂರ್ತಿ ತೆರೆ, ಆಮೇಲೆ ಕಾಲು ಸುತ್ತು ಹಿಂದೆ ಬಿಡು. ಪೂರ್ತಿ ತೆರೆದೇ ಬಿಟ್ಟರೆ ಬಿಸಿಗೆ ಹಿಗ್ಗಿ ಅಲ್ಲೇ ಕಚ್ಚಿಕೊಂಡುಬಿಡುತ್ತೆ. ನಿನ್ನ ನಂತರ ಬರೋನು ಹಬೆಯಲ್ಲಿ ಕಣ್ಣು ಕಾಣದೆ ತಡಕಾಡ್ತಾ ಬರ್ತಾನೆ, ಅವನಿಗೆ ಚಕ್ರ ಒಂಚೂರು ಅಲ್ಲಾಡಬೇಕು, ಆಗ ಇದು ತೆರೆದಿದೆ ಅಂತ ಅವನಿಗೆ ಗೊತ್ತಾಗುತ್ತೆ. ಅದು ತೆರೆಯುವ ವಾಲ್ವಿನ ಮಾತು, ಮುಚ್ಚುವುದರದ್ದಲ್ಲ. ಕಾರ್ಖಾನೆಯೊಳಗೆ ಅವನ ತಲೆಗೆ ಆ ವ್ಯತ್ಯಾಸ ತಿಳಿದಿತ್ತು, ಅಲ್ಲಿ ತಲೆ ಎಚ್ಚರವಾಗಿತ್ತು. ಮನೆಗೆ ಬಂದ ಮೇಲೆ ತಲೆ ಮಲಗುತ್ತಿತ್ತು, ಕೈ ಮಾತ್ರ ಇನ್ನೂ ಪಾಳಿಯಲ್ಲಿತ್ತು. ಅವನು ಬೆಪ್ಪಾಗಿ ಮುಚ್ಚಳ ನೋಡುತ್ತ ಕೂತ.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ. ಮೂವತ್ತಾರು ವರ್ಷದಿಂದ ಮಾಡ್ತಿದೀಯ."

"ಏನು?"

"ಎಲ್ಲಾ. ಉಪ್ಪಿನಕಾಯಿ ಸೀಸೆ, ಸಿರಪ್ ಸೀಸೆ, ಬಚ್ಚಲ ನಲ್ಲಿ. ನಿನ್ನ ಊಟದ ಫ್ಲಾಸ್ಕು ನೀನು ಮುಚ್ಚಿಟ್ಟು ಬೂಟು ಹಾಕ್ಕೊಳ್ಳೋಕೆ ಹೋಗ್ತಿದ್ದೆ, ನಾನು ಬಂದು ಬಿಗಿ ಮಾಡ್ತಿದ್ದೆ. ಇದೂ ಅಷ್ಟೆ. ನೀನು ತುಂಬಿಸಿ ಕೊಟ್ಟ ತಕ್ಷಣ ನಾನು ಒಂದ್ಸಲ ಒತ್ತಿ ತಿರುಗಿಸ್ತಿದ್ದೆ. ಹೋದ ವರ್ಷದಿಂದ ಈ ಬೆರಳು..." ಅವಳು ಮೇಣದ ಕೈಗಳನ್ನು ಎತ್ತಿ ತೋರಿಸಿ ನಕ್ಕಳು. "ಕೈಲಾಗಲ್ಲ ಅಂತ ಬಿಟ್ಟೆ. ಅದರಿಂದಾನೇ ಸೋರ್ತಿರ್ಬಹುದು ಅಂತ ನಂಗೂ ಹೊಳೀಲಿಲ್ಲ ನೋಡು. ಮುಚ್ಚಳ ಬಿದ್ದೇನೂ ಹೋಗ್ತಿರ್ಲಿಲ್ವಲ್ಲ."

ಅವಳಿಗೆ ಇದು ತಮಾಷೆ. ನಗುತ್ತಲೇ ಎದ್ದು ಮೇಣ ಸುಲಿಯಲು ಸಿಂಕಿನ ಹತ್ತಿರ ಹೋದಳು. ಅವನಿಗೆ ನಗು ಬರಲಿಲ್ಲ. ಅಷ್ಟು ವರ್ಷ ತನ್ನ ಫ್ಲಾಸ್ಕು ಸೋರದಿದ್ದುದು, ಚೀಲದಲ್ಲಿ ಸೂಪು ಚೆಲ್ಲದಿದ್ದುದು ತನ್ನ ಕೈಗುಣ ಎಂದುಕೊಂಡಿದ್ದ. ಕಾರ್ಖಾನೆಯಲ್ಲಿ ಬೇರೆಯವರ ಚೀಲ ಒದ್ದೆಯಾದಾಗ ಅವರನ್ನು ಹಂಗಿಸಿಯೂ ಇದ್ದ. ಅವನ ಹಿಂದೆಯೇ ಒಂದು ಜೊತೆ ಕೈಗಳು ಮನೆ ತುಂಬ ಓಡಾಡಿ, ಅವನು ಬಿಟ್ಟ ಕಾಲು ಸುತ್ತುಗಳನ್ನೆಲ್ಲ ಸದ್ದಿಲ್ಲದೆ ಮುಗಿಸಿದ್ದವು. ಮುಚ್ಚಳಗಳಷ್ಟೇ ಅಲ್ಲ ಎಂದು ಅವನಿಗೆ ಈಗ ಹೊಳೆಯತೊಡಗಿತು, ಹೊಳೆಯುವುದು ಬೇಡವಾಗಿತ್ತು. ತಟ್ಟದೆ ಬಂದ ಬಾಗಿಲು. ಅವಳ ಅಮ್ಮ ಸತ್ತಾಗ ಹೆಗಲ ಮೇಲೆ ಇಟ್ಟು ಬೇಗ ತೆಗೆದ ಕೈ. ಪ್ರೀತಿಯ ಮಾತು ಬಾಯಿಗೆ ಬಂದಾಗಲೆಲ್ಲ, ಹವೆ ಚೆನ್ನಾಗಿದೆ ಎಂದು ಮುಗಿಸಿದ್ದು. ಎಲ್ಲದರಲ್ಲೂ ಒಂಚೂರು ಹಿಂದೆ ಬಿಟ್ಟು, ಕಚ್ಚಿಕೊಳ್ಳದಂತೆ ನೋಡಿಕೊಂಡಿದ್ದ. ಅವನು ಮುಚ್ಚಳವನ್ನು ಮತ್ತೆ ಹಿಡಿದು ತಿರುಗಿಸಿ, ರಬ್ಬರ್ ಒತ್ತಿದ ಮೇಲೂ ಬೆರಳು ಬಿಡದೆ, ಅವು ಹಿಂದಕ್ಕೆ ಎಳೆಯುವುದನ್ನು ತಡೆದು ಹಿಡಿದ. ಎಷ್ಟು ಹೊತ್ತು ಹಿಡಿದಿದ್ದನೋ. ಬೆರಳ ತುದಿ ಬೆಳ್ಳಗಾಗಿತ್ತು. ಆಮೇಲೆ ಹೊಸ ಕಾಗದ ಮಡಿಸಿ ಅದರ ಮೇಲೆ ಇಟ್ಟು, ಸೌನಾಕ್ಕೆ ಕಟ್ಟಿಗೆ ಹಾಕಿ ಬರ್ತೀನಿ ಎಂದು ಹೊರಗೆ ಹೋದ.

ಕಟ್ಟಿಗೆ ಹಾಕಲಿಲ್ಲ. ತಣ್ಣಗಿನ ಸೌನಾದ ಕೆಳಗಿನ ಹಲಗೆಯ ಮೇಲೆ ಪ್ಯಾಕನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹೇಳಿದರೆ ಏನಾದೀತು ಎಂದು ಯೋಚಿಸಿದ. ಇಷ್ಟು ದಿನ ನಾನೊಬ್ಬಳೇ ಬಿಟ್ಟಿದ್ದೆನೇ ಎಂದು ಸಿಟ್ಟಿಗೆ ಅವಳು ಇವತ್ತೇ ಸೇದಲು ಶುರು ಮಾಡಿಬಿಟ್ಟರೆ? ಹೇಳದಿದ್ದರೆ ಏನೂ ಆಗುವುದಿಲ್ಲ, ಸೋರಿಕೆ ನಿಂತಿರುತ್ತದೆ, ಅವಳು ಹಾಡಲು ಹೋಗುತ್ತಾಳೆ. ಹೇಳದಿರುವುದೇ ಜಾಣತನ. ಆ ಜಾಣತನದ ರುಚಿ ನಾಲಿಗೆಗೆ ಚೆನ್ನಾಗಿ ಗೊತ್ತಿತ್ತು, ಇವತ್ತು ಅದು ಒಗರಾಗಿತ್ತು. ಬಾಗಿಲ ಸಂದಿಯಿಂದ ಬಿದ್ದ ಬೆಳಕು ಹಲಗೆಯಿಂದ ಹಲಗೆಗೆ ಸರಿಯಿತು. ದೂರದಲ್ಲಿ ಸರೋವರದ ಮಂಜುಗಡ್ಡೆ ಸೀಳಿದ ಸದ್ದಾಯಿತು. ಅವನು ಎದ್ದ.

ಲ್ಯೂಬಾ ಕೋಟು ಹಾಕಿಕೊಂಡು ಮೇಜಿನ ಮೇಲೆ ಬಗ್ಗಿದ್ದಳು. ಮೂರೂಕಾಲಾಗಿತ್ತು.

"ಒಣಗಿದ ಹಾಗೇ ಇದೆ ಮಾರಾಯ! ಎರಡು ಗಂಟೆಯಿಂದ ಒಂದು ಚುಕ್ಕೆ ಇಲ್ಲ. ಪೆಟ್ರೋಲ್ ಬಂಕಿನವನಿಗೆ ಇವತ್ತು ವ್ಯಾಪಾರ ಇಲ್ಲ," ಎಂದಳು. ಅವಳ ಮುಖ ಅರಳಿತ್ತು. ಅವನು ಪ್ಯಾಕನ್ನು ಕಾಗದದ ಪಕ್ಕದಲ್ಲಿ ಇಟ್ಟ.

"ಇದೂ ಇದೆ," ಎಂದ. "ದಿನಕ್ಕೊಂದು. ಆವತ್ತಿಂದ."

ಅವಳು ಪ್ಯಾಕನ್ನು ನೋಡಿದಳು.

"ಗೊತ್ತು."

"ಗೊತ್ತಾ?"

"ಶನಿವಾರ ಸಾಲ್ದು ಅಂತ ಸೋಮವಾರಾನೂ ಸೌನಾ ಕಾಯ್ಸೋ ಫಿನ್ನರವನನ್ನ ನಾನು ಈ ಜನ್ಮದಲ್ಲಿ ಕಂಡಿಲ್ಲ. ಬೆನ್ನು ನೋವಂತೆ, ಬೆನ್ನು ನೋವು."

"ಯಾಕೆ ಕೇಳ್ಲಿಲ್ಲ ಮತ್ತೆ?"

"ಮುಚ್ಚಳ ಆದ್ರೆ ನಿನ್ನ ಹಿಂದೆ ಬಂದು ನಾನೇ ಬಿಗಿ ಮಾಡ್ಬಹುದು ಅರ್ವೊ. ಇದಕ್ಕೆ ನನ್ನ ಕೈ ಯಾವತ್ತೂ ಎಟುಕ್ಲಿಲ್ಲ." ಅವಳ ಉಸಿರು ಸಣ್ಣಗಾಗುತ್ತ ಬಂದಿತ್ತು. ಕಣ್ಣು ಪ್ಯಾಕನ್ನು ಬಿಟ್ಟಿರಲಿಲ್ಲ. ಊದಿದ ಬೆರಳುಗಳು ಕೋಟಿನ ಅಂಚನ್ನು ಹಿಡಿದುಕೊಂಡಿದ್ದವು. "ಈಗ ತೆಗಿ ಅದನ್ನ ನನ್ನ ಮುಂದಿಂದ. ಬೇಗ ತೆಗಿ. ನಾನೇನು ಕಲ್ಲಲ್ಲ."

ಅವನು ಪ್ಯಾಕನ್ನು ಬಾಚಿಕೊಂಡು ಸಿಂಕಿನ ಹತ್ತಿರ ಹೋಗಿ, ನಲ್ಲಿ ಬಿಟ್ಟು, ಸಿಗರೇಟುಗಳನ್ನು ಒಂದೊಂದಾಗಿ ತೆಗೆದು ಮುರಿದು ನೀರಿಗೆ ಹಾಕಿದ. ಹೊಗೆಸೊಪ್ಪು ಬಿಚ್ಚಿಕೊಂಡು ಕಂದು ನೀರು ಸುತ್ತಿಸುತ್ತಿ ಇಳಿಯಿತು. ಖಾಲಿ ಪ್ಯಾಕನ್ನು ಹಿಂಡಿ ಎಸೆದ. ಏನೋ ದೊಡ್ಡ ಕೆಲಸ ಮುಗಿಸಿದವನ ಹಾಗೆ ಎದೆ ಹಗುರವಾಯಿತು. ಆಯ್ತು ಎಂದು ತಿರುಗಿದ.

ಲ್ಯೂಬಾ ಅವನ ಮುಖ ನೋಡುತ್ತಿರಲಿಲ್ಲ. ಅವನ ಎಡಗೈ ನೋಡುತ್ತಿದ್ದಳು. ಅವನೂ ನೋಡಿದ. ತೋರುಬೆರಳು ನಡುಬೆರಳಿನ ನಡುವೆ, ನಲವತ್ತು ವರ್ಷದಿಂದ ಹಿಡಿಯುತ್ತಿದ್ದ ಹಾಗೆಯೇ, ಒಂದು ಸಿಗರೇಟು ಇಡಿಯಾಗಿ ಉಳಿದಿತ್ತು. ಅವನಿಗೆ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ, ಬೇರೆ ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ. ಲ್ಯೂಬಾ ನಂಬಿದಳು. ಅವಳು ಬಂದು ಅದನ್ನು ಕಿತ್ತುಕೊಳ್ಳಲಿಲ್ಲ, ಬಯ್ಯಲಿಲ್ಲ.

"ಅದೂ," ಎಂದಳು.

ಅವನಿಗೆ ಅಳು ಬಂತು. ಅರವತ್ತೊಂದರ ಗಂಡಸು ಸಿಂಕಿನ ಮುಂದೆ ನಿಂತು ಒಂದು ಸಿಗರೇಟಿಗೆ ಅಳುವುದೇ ಎಂದು ನಾಚಿಕೆಯೂ ಆಯಿತು, ಆದರೂ ಅಳು ನಿಲ್ಲಲಿಲ್ಲ. ಮೂರೂವರೆ ಆಗಿ ಐದು ನಿಮಿಷವಾಗಿತ್ತು. ಲ್ಯೂಬಾ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಕೋಟಿನಲ್ಲೇ ಕುರ್ಚಿಯ ಮೇಲೆ ಕೂತು ಕಾದಳು. ಅವನು ಆ ಸಿಗರೇಟನ್ನೂ ಮುರಿದ.